ಬಾಕಿ ಉಳಿದ ಸೆಕೆಂಡುಗಳು

ರಾತ್ರಿ ಹನ್ನೊಂದು ದಾಟಿದೆ. ಹವಾಯಿ ದ್ವೀಪದ ಕೈಲುವಾ-ಕೋನಾ ಊರಿನಲ್ಲಿ ಸಮುದ್ರಕ್ಕೆ ಅಂಟಿಕೊಂಡು ಹೋಗುವ ಅಲೀಯಿ ಡ್ರೈವ್ ಎಂಬ ರಸ್ತೆಗೆ ಇನ್ನೂ ನಿದ್ದೆ ಬಂದಿಲ್ಲ. ದೀಪಗಳ ಕೆಳಗೆ ಜನ ಬೇಲಿ ಬಡಿಯುತ್ತಿದ್ದಾರೆ, ಗಂಟೆ ಅಲ್ಲಾಡಿಸುತ್ತಿದ್ದಾರೆ, ಗುರುತೇ ಇಲ್ಲದವರ ಹೆಸರು ಹಿಡಿದು ಕೂಗುತ್ತಿದ್ದಾರೆ. ಗೆದ್ದವರು ಮಧ್ಯಾಹ್ನವೇ ಬಂದು ಹಾರ ಹಾಕಿಸಿಕೊಂಡು ಹೋದರು. ಉಂಡು, ಒಂದು ನಿದ್ದೆ ತೆಗೆದು, ಅವರಲ್ಲೇ ಕೆಲವರು ಈಗ ಮತ್ತೆ ಇಲ್ಲಿಗೆ ಬಂದು ನಿಂತಿದ್ದಾರೆ. ಇಲ್ಲಿನ ಹಳೆಯ ರೂಢಿ ಅದು: ಮೊದಲು ಬಂದವರು ಕೊನೆಯವರನ್ನು ಎದುರುಗೊಳ್ಳಬೇಕು.

ಕತ್ತಲಿನಿಂದ ಒಂದೊಂದೇ ಆಕೃತಿ ಹೊರಬರುತ್ತದೆ. ಒಬ್ಬರ ಸೊಂಟ ಒಂದು ಕಡೆಗೆ ವಾಲಿದೆ. ಇನ್ನೊಬ್ಬರು ಓಡುತ್ತಿದ್ದೇನೆ ಎಂದುಕೊಂಡು ನಡೆಯುತ್ತಿದ್ದಾರೆ. ಕಮಾನಿನ ಮೇಲಿನ ಗಡಿಯಾರ ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ. ಅದು 17 ಗಂಟೆ ತೋರಿಸಿತೆಂದರೆ ಮುಗಿಯಿತು. ಆಮೇಲೆ ಬಂದವರಿಗೂ ಚಪ್ಪಾಳೆ ಉಂಟು, ಫಲಿತಾಂಶದ ಪಟ್ಟಿಯಲ್ಲಿ ಜಾಗವಿಲ್ಲ.

2015ರ ಅಕ್ಟೋಬರ್‌ನಲ್ಲಿ ಇದೇ ಬೀದಿಯಲ್ಲಿ ಜಪಾನಿನ ಹಿರೋಮು ಇನಾದಾ ಓಡಿ ಬಂದರು. ವಯಸ್ಸು 82. ಕೊನೆಯ ಕೆಲವೇ ಮೀಟರ್‌ಗಳಲ್ಲಿ ಕಾಲು ಸೋತು ಬಿದ್ದರು, ಎದ್ದರು, ಗೆರೆ ದಾಟಿದರು. ಅಷ್ಟರಲ್ಲಿ 17 ಗಂಟೆಯ ಮೇಲೆ ಕೆಲವು ಸೆಕೆಂಡು ಕಳೆದಿತ್ತು, ಹತ್ತು ಸೆಕೆಂಡು ಕೂಡ ತುಂಬಿರಲಿಲ್ಲ. ಸಮುದ್ರದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, 42 ಕಿಲೋಮೀಟರ್ ಓಡಿದ ಮೇಲೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುವರ್ಷ ಅವರು ಅದೇ ಊರಿಗೆ, ಅದೇ ದಾರಿಗೆ ಮರಳಿ ಬಂದರು.

ಈಜು, ಸೈಕಲ್, ಓಟ ಮೂರನ್ನೂ ಸೇರಿಸಿದ ಈ ಟ್ರಯಥ್ಲಾನ್ ಎಂಬ ಮಾತು ಈಗ ನಮ್ಮಲ್ಲೂ ಅಪರಿಚಿತವಲ್ಲ. ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ‘ಐರನ್‌ಮ್ಯಾನ್’ ಎಂದು ಬರೆದ ಟೀ ಶರ್ಟ್ ಎದುರಾಗುತ್ತದೆ. ಮೀನಖಂಡದ ಮೇಲೆ ಆ ಕೆಂಪು ಲಾಂಛನದ ಹಚ್ಚೆ ಕಾಣಿಸುತ್ತದೆ. ಇಷ್ಟು ಒದ್ದಾಡುವವರು ಒಂದು ಸಲ ಮುಗಿಸಿ ಸುಮ್ಮನಾಗುವುದಿಲ್ಲವೇಕೆ, ಹೊಸ ಊರು ನೋಡುವುದು ಬಿಟ್ಟು ಅದೇ ದಾರಿಗೆ ಮತ್ತೆ ದುಡ್ಡು ಕಟ್ಟುವುದೇಕೆ ಎಂಬುದು ಹೊರಗಿನವರಿಗೆ ಒಗಟು. ಇದಕ್ಕೆ ಉತ್ತರವಾಗಿ ಛಲ, ಸಾಧನೆ ಎಂಬ ದೊಡ್ಡ ಪದಗಳು ಸುಲಭವಾಗಿ ಸಿಗುತ್ತವೆ. ನಿಜಸಂಗತಿ ಅದಕ್ಕಿಂತ ಸಣ್ಣದು, ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಹೆಚ್ಚು ಹತ್ತಿರದ್ದು.

ವಾದದಲ್ಲಿ ಹುಟ್ಟಿದ ಓಟ

ಈ ಹುಚ್ಚು ಹುಟ್ಟಿದ್ದು ಒಂದು ವಾದದಿಂದ. 1977ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಓಟದ ಸ್ಪರ್ಧೆಯೊಂದರ ಬಹುಮಾನ ಸಮಾರಂಭ ನಡೆದಿತ್ತು. ಈಜುಗಾರರು ಗಟ್ಟಿಗರೋ, ಓಟಗಾರರೋ, ಸೈಕಲಿಗರೋ ಎಂಬ ಜಗಳ ಎದ್ದಿತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಅದಕ್ಕೊಂದು ದಾರಿ ಸೂಚಿಸಿದರು. ದ್ವೀಪದಲ್ಲಿ ಆಗಲೇ ನಡೆಯುತ್ತಿದ್ದ ವೈಕೀಕಿಯ ಸಮುದ್ರ ಈಜು, ದ್ವೀಪ ಸುತ್ತುವ ಸೈಕಲ್ ಸ್ಪರ್ಧೆ ಮತ್ತು ಹೊನೊಲುಲು ಮ್ಯಾರಥಾನ್ ಮೂರನ್ನೂ ಒಂದೇ ದಿನಕ್ಕೆ ಪೋಣಿಸಿಬಿಡೋಣ, ಮೊದಲು ಮುಗಿಸಿದವನನ್ನು ‘ಐರನ್‌ಮ್ಯಾನ್’ ಎಂದು ಕರೆಯೋಣ ಎಂದರು. ಪತ್ನಿ ಜೂಡಿ ಕಾಲಿನ್ಸ್ ಈ ಸಾಹಸದಲ್ಲಿ ಜತೆಯಾದರು.

1978ರ ಫೆಬ್ರುವರಿ 18ರಂದು 15 ಮಂದಿ ನೀರಿಗಿಳಿದರು, 12 ಮಂದಿ ಮುಗಿಸಿದರು. ಟ್ಯಾಕ್ಸಿ ಓಡಿಸುತ್ತಿದ್ದ ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ ಗೆದ್ದ.

ಹೆಚ್ಚು ಸ್ವಾರಸ್ಯ ಇರುವುದು ಎರಡನೆಯವನ ಕಥೆಯಲ್ಲಿ. ಜಾನ್ ಡನ್‌ಬಾರ್ ನೌಕಾಪಡೆಯ ಸೀಲ್ ದಳದಲ್ಲಿದ್ದವನು. ಓಟಕ್ಕೆ ಇಳಿಯುವಾಗ ಹಾಲರ್‌ಗಿಂತ ಮುಂದಿದ್ದ. ಆಗ ಸ್ಪರ್ಧಿಗಳ ನೀರು, ಊಟ ಎಲ್ಲ ಅವರವರ ಗೆಳೆಯರದೇ ಜವಾಬ್ದಾರಿ. ಡನ್‌ಬಾರ್‌ನ ಬಳಗದ ಬಳಿ ನೀರು ಖಾಲಿಯಾಯಿತು, ಬಿಯರ್ ಉಳಿದಿತ್ತು. ಕುಡಿದ, ತೂರಾಡಿದ, ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಿದ್ದ. ಮರುವರ್ಷ ಮತ್ತೆ ಬಂದ, ಸೂಪರ್‌ಮ್ಯಾನ್ ವೇಷ ತೊಟ್ಟು. ಮತ್ತೆ ಎರಡನೆಯವನೇ ಆದ, ಈ ಬಾರಿ ಟಾಮ್ ವಾರನ್ ಎಂಬಾತನ ಹಿಂದೆ. ಐರನ್‌ಮ್ಯಾನ್‌ನ ಎರಡನೇ ವರ್ಷಕ್ಕೇ ‘ಹೋದ ಸಲದ ಲೆಕ್ಕ ತೀರಿಸಲು’ ಬಂದವನೊಬ್ಬ ಇದ್ದ ಎಂಬುದು ಗಮನಿಸಬೇಕಾದ ಸಂಗತಿ.

1981ರಲ್ಲಿ ಸ್ಪರ್ಧೆ ಒವಾಹುವಿನ ವಾಹನ ದಟ್ಟಣೆ ಬಿಟ್ಟು ಹವಾಯಿಯ ದೊಡ್ಡ ದ್ವೀಪಕ್ಕೆ, ಕೋನಾಗೆ ಬಂತು. ಅಲ್ಲಿಂದ ‘ಕೋನಾ’ ಎಂಬುದು ಊರಿನ ಹೆಸರಿಗಿಂತ ಹೆಚ್ಚಾಗಿ ಹರಕೆಯ ಹೆಸರಾಯಿತು.

ಗಡಿಯಾರವೇ ಎದುರಾಳಿ

ಈ ಆಟದ ವಿಚಿತ್ರವೆಂದರೆ ವಿಶ್ವಚಾಂಪಿಯನ್ನನೂ ಹಲ್ಲಿನ ವೈದ್ಯೆಯೂ ಒಂದೇ ದಿನ, ಒಂದೇ ನೀರು, ಒಂದೇ ಟಾರಿನ ಮೇಲೆ ಸ್ಪರ್ಧಿಸುತ್ತಾರೆ. ದುಡ್ಡಿಗಾಗಿ ಓಡುವವರು ಬೆರಳೆಣಿಕೆಯಷ್ಟು. ಉಳಿದವರು ಹವ್ಯಾಸಿಗಳು. ಅವರನ್ನು ಐದೈದು ವರ್ಷದ ವಯೋಗುಂಪುಗಳಾಗಿ ಹಂಚುತ್ತಾರೆ. ಬೇರೆ ಬೇರೆ ದೇಶಗಳ ಐರನ್‌ಮ್ಯಾನ್ ಸ್ಪರ್ಧೆಗಳಲ್ಲಿ ತಮ್ಮ ಗುಂಪಿನ ಮುಂಚೂಣಿಯಲ್ಲಿ ಮುಗಿಸಿದವರಿಗೆ ಕೋನಾದ ಟಿಕೆಟ್ ಸಿಗುತ್ತದೆ. ಹೀಗಾಗಿ ಕೋನಾದಲ್ಲಿ ಗಡುವು ತಪ್ಪಿದವರಿಗೆ ಮತ್ತೆ ಅಲ್ಲಿಗೆ ಬರುವುದೆಂದರೆ ಬರೀ ವಿಮಾನ ಹತ್ತುವ ಮಾತಲ್ಲ, ಮೊದಲು ಇನ್ನೆಲ್ಲೋ 226 ಕಿಲೋಮೀಟರ್ ಗೆದ್ದು ಅರ್ಹತೆ ಪಡೆಯಬೇಕು.

ಹವ್ಯಾಸಿಗೆ ಮುಂದಿರುವವರ ಚಿಂತೆ ಕಡಿಮೆ, ಹಿಂದಿನಿಂದ ಅಟ್ಟಿಸಿಕೊಂಡು ಬರುವ ಗಡುವುಗಳದೇ ಚಿಂತೆ. ಈಜು 2 ಗಂಟೆ 20 ನಿಮಿಷದೊಳಗೆ ಮುಗಿಯಬೇಕು. ಸೈಕಲ್ ಸವಾರಿ ಮುಗಿಸಲು ಇನ್ನೊಂದು ಗಡುವು. ಒಟ್ಟು 17 ಗಂಟೆ. ಒಂದೊಂದು ಬಾಗಿಲಲ್ಲೂ ಕಾವಲಿದೆ. ತಡವಾದರೆ ಕಾಲಿಗೆ ಕಟ್ಟಿದ, ಸಮಯ ಅಳೆಯುವ ಚಿಪ್ ಬಿಚ್ಚಿಸಿಕೊಂಡು ಬದಿಗೆ ನಿಲ್ಲಬೇಕು.

ನಡುವೆ ಬಟ್ಟೆ ಬದಲಿಸುವ, ಶೂ ಕಟ್ಟುವ, ಹೆಲ್ಮೆಟ್ ಹಾಕುವ ಸಮಯವೂ ಇದೇ ಖಾತೆಗೆ ಜಮೆ. ಇದನ್ನು ‘ಟ್ರಾನ್ಸಿಷನ್’ ಎನ್ನುತ್ತಾರೆ. ಈಜು, ಸೈಕಲ್, ಓಟದ ಜತೆ ಇದೇ ನಾಲ್ಕನೆಯ ಆಟ ಎಂದು ಟ್ರಯಥ್ಲೀಟ್‌ಗಳು ನಗುವುದುಂಟು. ಹೊರಗಿನವರ ನೆರವಿಗೆ ಅವಕಾಶವಿಲ್ಲ. ಸೈಕಲ್ ಮೇಲೆ ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ.

ಕಪ್ಪು ಕಲ್ಲಿನ ನಡುವೆ

ಕೋನಾ ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಕೈಲುವಾ ಕೊಲ್ಲಿಯ ದಕ್ಕೆಯ ಪಕ್ಕ ನೀರಿಗಿಳಿದು ಒಂದು ಸುತ್ತು. ಸೈಕಲ್‌ನಲ್ಲಿ ಹೆದ್ದಾರಿ ಹಿಡಿದು ಉತ್ತರದ ಹಾವಿ ಎಂಬ ಸಣ್ಣ ಊರಿನವರೆಗೆ ಹೋಗಿ ವಾಪಸ್. ಮತ್ತೆ ಅದೇ ಹೆದ್ದಾರಿಯ ಅಂಚಿನಲ್ಲಿ ಓಟ. ನೆತ್ತಿ ಮುಟ್ಟುವ ಬೆಟ್ಟಗಳಿಲ್ಲ. ಬೆಟ್ಟದ ತಪ್ಪಲಲ್ಲಿ ಕಾಫಿ ತೋಟಗಳಿವೆ ಎಂದರೆ ಕೊಡಗಿನವರಿಗೆ, ಚಿಕ್ಕಮಗಳೂರಿನವರಿಗೆ ತಮ್ಮ ಕಡೆಯ ತಂಪು ನೆನಪಾದೀತು. ಆದರೆ ಸ್ಪರ್ಧೆ ನಡೆಯುವುದು ಆ ತಂಪಿನ ಕೆಳಗೆ, ಲಾವಾ ಹರಡಿದ ಬಯಲಿನಲ್ಲಿ.

ಕ್ವೀನ್ ಕಾಹುಮಾನು ಹೆದ್ದಾರಿಯ ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ಕಪ್ಪು ಕಲ್ಲು. ಊರಿನ ವಿಮಾನ ನಿಲ್ದಾಣ ಕೂಡ ಹುವಾಲಲಾಯಿ ಜ್ವಾಲಾಮುಖಿ 1801ರಲ್ಲಿ ಉಗುಳಿದ ಲಾವಾದ ಮೇಲೆ ನಿಂತಿದೆ. ಬಿಸಿಲು ಮೇಲಿನಿಂದ ಸುಡುತ್ತದೆ, ಹೀರಿಕೊಂಡ ಕಾವನ್ನು ಕಲ್ಲು ಕೆಳಗಿನಿಂದ ವಾಪಸು ಕೊಡುತ್ತದೆ. ಮರದ ನೆರಳೆಂಬುದಿಲ್ಲ.

ಗಾಳಿಯ ಕಥೆ ಬೇರೆ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಕೋಹಾಲಾ ಬೆಟ್ಟಗಳು ಮತ್ತು ಮೌನಾ ಕೇಯಾ ನಡುವಿನ ಕಣಿವೆಯಲ್ಲಿ ಇರುಕಿಕೊಂಡು, ಕೊಳವೆಯ ಬಾಯಿಂದ ನೀರು ಚಿಮ್ಮಿದ ಹಾಗೆ ಪಶ್ಚಿಮ ಕರಾವಳಿಗೆ ನುಗ್ಗುತ್ತದೆ. ಸ್ಥಳೀಯರು ಇದನ್ನು ‘ಮುಮುಕು’ ಎನ್ನುತ್ತಾರೆ. ಅಡ್ಡಗಾಳಿ ಸೈಕಲ್ಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಹೋಗುವಾಗ ಬೆನ್ನು ತಟ್ಟಿದ ಗಾಳಿ ಬರುವಾಗ ಎದೆಗೆ ಕೈ ಇಟ್ಟು ನಿಲ್ಲಿಸಬಹುದು.

ಓಟದ ದಾರಿಯಲ್ಲಿ ‘ಎನರ್ಜಿ ಲ್ಯಾಬ್’ ಎಂಬ ತಿರುವಿದೆ. ಮುಖ್ಯರಸ್ತೆಯಿಂದ ಸಮುದ್ರದ ಕಡೆ ಇಳಿದು, ತಿರುಗಿ, ಮತ್ತೆ ಹತ್ತಿ ಬರಬೇಕು. ಸರ್ಕಾರಿ ಸಂಶೋಧನಾ ಕೇಂದ್ರವಿದು. ಸುಮಾರು 900 ಮೀಟರ್ ಆಳದಿಂದ ಕೊರೆಯುವ ತಣ್ಣನೆಯ ಸಮುದ್ರದ ನೀರನ್ನು ಮೇಲೆತ್ತುತ್ತದೆ. ಅದರ ಕೊಳವೆಗಳ ಪಕ್ಕದಲ್ಲೇ ಓಟಗಾರರು ಬೇಯುತ್ತಾರೆ. ಈ ವ್ಯಂಗ್ಯ ಮೊದಲ ಸಲ ಬಂದವರಿಗೆ ಹೊಳೆಯುವುದಿಲ್ಲ, ಆ ಹೊತ್ತಿಗೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಎರಡನೇ ಸಲದವರು ಮಾತ್ರ ಅಲ್ಲಿಗೆಂದೇ ಒಂದಿಷ್ಟು ಕಾಲಿನ ಬಲ, ಒಂದಿಷ್ಟು ಸಕ್ಕರೆ ಕೂಡಿಟ್ಟುಕೊಂಡು ಬಂದಿರುತ್ತಾರೆ.

ಹೊಟ್ಟೆ ಹೂಡುವ ಮುಷ್ಕರ

ಮೊದಲ ಸಲದ ಸ್ಪರ್ಧಿ ಸೋಲುವುದು ಹೆಚ್ಚಾಗಿ ಸ್ನಾಯುಗಳಿಂದಲ್ಲ, ಹಣಕಾಸಿನಂಥ ತಪ್ಪು ಲೆಕ್ಕದಿಂದ. ದೇಹ ತನ್ನ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುವ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು 2,000 ಕ್ಯಾಲೊರಿಯಷ್ಟು. ಪೂರ್ಣ ಐರನ್‌ಮ್ಯಾನ್‌ಗೆ ಬೇಕಾಗುವುದು ಅದರ ನಾಲ್ಕು ಪಟ್ಟು ಅಥವಾ ಇನ್ನೂ ಹೆಚ್ಚು. ಕೊರತೆಯ ಒಂದು ಭಾಗವನ್ನು ಕೊಬ್ಬು ತುಂಬುತ್ತದೆ. ಆದರೆ ಕೊಬ್ಬು ನಿಧಾನದ ಸೌದೆ, ವೇಗ ಹೆಚ್ಚಿದಂತೆ ಬೆಂಕಿ ಸಕ್ಕರೆಯನ್ನೇ ಕೇಳುತ್ತದೆ.

ದಾರಿಯಲ್ಲಿ ತಿನ್ನಬಹುದಲ್ಲ ಎನ್ನಬಹುದು. ಕರುಳು ಗ್ಲುಕೋಸ್ ಹೀರುವುದು ಗಂಟೆಗೆ ಸುಮಾರು 60 ಗ್ರಾಂ, ಜತೆಗೆ ಹಣ್ಣಿನ ಸಕ್ಕರೆ ಸೇರಿಸಿದರೆ 90 ಗ್ರಾಂ ಆಸುಪಾಸು. ಬಿಸಿಲಲ್ಲಿ ರಕ್ತ ಚರ್ಮದ ಕಡೆಗೂ ಕಾಲುಗಳ ಕಡೆಗೂ ಓಡುತ್ತದೆ, ಹೊಟ್ಟೆಗೆ ಪಾಲು ಕಡಿಮೆ. ಉತ್ಸಾಹದಲ್ಲಿ ಸೈಕಲ್ಲನ್ನು ಜೋರಾಗಿ ತುಳಿದವರ ಹೊಟ್ಟೆ ಮಧ್ಯಾಹ್ನದ ಹೊತ್ತಿಗೆ ಮುಷ್ಕರ ಹೂಡುತ್ತದೆ. ತಿಂದದ್ದು ಅಲ್ಲೇ ಕುಲುಕುತ್ತದೆ, ವಾಂತಿ, ಆಮೇಲೆ ಓಟ ನಡಿಗೆಯಾಗುತ್ತದೆ. ಹೆದರಿ ಬರೀ ನೀರು ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಇನ್ನೂ ದೊಡ್ಡ ಅಪಾಯ.

ಇದೆಲ್ಲ ಎಷ್ಟು ಕ್ರೂರವಾಗಿ ನಡೆಯಬಲ್ಲದು ಎಂಬುದನ್ನು ಜಗತ್ತು ಕಂಡದ್ದು 1982ರ ಫೆಬ್ರುವರಿಯಲ್ಲಿ. ಜೂಲಿ ಮಾಸ್ ಆಗ 23ರ ವಿದ್ಯಾರ್ಥಿನಿ, ತನ್ನ ಪದವಿಯ ಪ್ರಬಂಧಕ್ಕೆ ವಿಷಯ ಹುಡುಕುತ್ತ ಕೋನಾಗೆ ಬಂದವಳು. ಹೇಗೋ ಮಹಿಳೆಯರಲ್ಲಿ ಮುಂದೆ ಬಂದುಬಿಟ್ಟಿದ್ದಳು. ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಕಾಲು ಮಡಚಿಕೊಂಡಿತು. ಎದ್ದಳು, ಬಿದ್ದಳು, ಕೊನೆಗೆ ಅಂಬೆಗಾಲಿಟ್ಟಳು. ಅಷ್ಟರಲ್ಲಿ ಕ್ಯಾಥಲೀನ್ ಮೆಕ್‌ಕಾರ್ಟ್ನಿ ಪಕ್ಕದಿಂದ ಹಾದು ಹೋದರು. ಅಂತರ 29 ಸೆಕೆಂಡು. ಎಬಿಸಿ ವಾಹಿನಿ ಅದನ್ನು ಮನೆಮನೆಗೆ ತೋರಿಸಿತು, ಗೆದ್ದವರಿಗಿಂತ ತೆವಳಿದವಳ ಹೆಸರೇ ಜನರ ಬಾಯಲ್ಲಿ ಉಳಿಯಿತು. ಟಿ.ವಿಯಲ್ಲಿ ಅದನ್ನು ಕಂಡು ಕ್ರೀಡೆಗೆ ಬಂದವರಲ್ಲಿ ಮಾರ್ಕ್ ಅಲೆನ್ ಒಬ್ಬರು. ಕೋನಾದಲ್ಲಿ ವರ್ಷ ವರ್ಷವೂ ಸೋತು, ಕೊನೆಗೆ 1989ರಲ್ಲಿ ಗೆದ್ದು, ಒಟ್ಟು ಆರು ಸಲ ಚಾಂಪಿಯನ್ ಆದವರು. ಮುಂದೆ ಜೂಲಿಯನ್ನೇ ಮದುವೆಯಾದರು ಎಂಬುದು ಉಪಕಥೆ.

ಮೂವತ್ತು ವರ್ಷದ ಮೇಲೆ, 2012ರಲ್ಲಿ, ಮಾಸ್ ಮತ್ತು ಮೆಕ್‌ಕಾರ್ಟ್ನಿ ಇಬ್ಬರೂ ಗೆಳತಿಯರಾಗಿ ಅದೇ ದಾರಿಗೆ ಮರಳಿದರು. ಇಬ್ಬರಿಗೂ ಆಗ ವಯಸ್ಸು ಐವತ್ತು ದಾಟಿತ್ತು.

ಎರಡನೇ ಸಲ ಏನು ಬದಲಾಗುತ್ತದೆ

ಒಂದು ಲೆಕ್ಕ ನೋಡೋಣ. 17 ಗಂಟೆ ಎಂದರೆ 61,200 ಸೆಕೆಂಡು. ಇನಾದಾಗೆ 2015ರಲ್ಲಿ ಕಡಿಮೆ ಬಿದ್ದದ್ದು ಹತ್ತಕ್ಕೂ ಕಡಿಮೆ. ಮ್ಯಾರಥಾನ್ ದಾರಿಯಲ್ಲಿ ಸುಮಾರು ಮೈಲಿಗೊಂದರಂತೆ ನೀರು, ಐಸ್, ಹಣ್ಣು ಇಟ್ಟ ಮೇಜುಗಳಿರುತ್ತವೆ, ಅಂದರೆ ಇಪ್ಪತ್ತೈದರ ಆಸುಪಾಸು. ಪ್ರತಿ ಮೇಜಿನ ಬಳಿ ಅರ್ಧ ಸೆಕೆಂಡು ಕಡಿಮೆ ನಿಂತಿದ್ದರೂ ಬಾಕಿ ತೀರಿ ಕೈಯಲ್ಲಿ ಚಿಲ್ಲರೆ ಉಳಿಯುತ್ತಿತ್ತು. ಸಾಕ್ಸ್ ಎಳೆದುಕೊಳ್ಳಲು ಒದ್ದೆ ಕಾಲು ತೆಗೆದುಕೊಂಡ ಹೊತ್ತು, ಈಜಿನಲ್ಲಿ ತೇಲುಬುರುಡೆ ಕಾಣದೆ ತಲೆ ಎತ್ತಿ ಹುಡುಕಿದ ಕ್ಷಣ, ಯಾವುದೂ ಆದೀತು.

ಹೀಗೆ ಯೋಚಿಸುವುದು ಮೊದಮೊದಲು ಹಿಂಸೆ. ಆದರೆ ಮರಳಿ ಬರುವವರಿಗೆ ಇದೇ ಬಂಡವಾಳ. ಸೋಲಿನ ಕಾರಣ ‘ನನ್ನಿಂದಾಗದು’ ಎಂಬುದಾಗಿದ್ದರೆ ಮಾಡುವುದಕ್ಕೇನೂ ಇಲ್ಲ. ಕಾರಣ ಸಾಕ್ಸ್ ಆಗಿದ್ದರೆ ಮನೆಯ ಅಂಗಳದಲ್ಲೇ ಕೂತು ಅಭ್ಯಾಸ ಮಾಡಬಹುದು.

ಅದೇ ದಾರಿಯಲ್ಲಿ ಎರಡನೇ ಸಲ ಓಡುವವರ ಮುಖ್ಯ ಲಾಭ ವೇಗದ ಹಂಚಿಕೆ. ಮೆದುಳು ಮುಂದೆ ಎಷ್ಟು ದೂರ ಇದೆ, ಎಂಥ ಏರಿದೆ ಎಂದು ಅಂದಾಜಿಸಿ ಕಾಲುಗಳಿಗೆ ಎಷ್ಟು ಬಲ ಬಿಡಬೇಕೆಂದು ತೀರ್ಮಾನಿಸುತ್ತಿರುತ್ತದೆ. ದಾರಿ ಗೊತ್ತಿಲ್ಲದಾಗ ಅಂದಾಜು ತಪ್ಪುತ್ತದೆ, ಸಾಮಾನ್ಯವಾಗಿ ಉತ್ಸಾಹದ ಕಡೆಗೆ. ಹೊಸ ಊರಿನಲ್ಲಿ ಮನೆ ಹುಡುಕಿಕೊಂಡು ಹೋಗುವಾಗ ಉದ್ದ ಅನ್ನಿಸಿದ ಬೀದಿ ವಾಪಸಾಗುವಾಗ ಮೋಟು ಅನ್ನಿಸುವುದು ಎಲ್ಲರ ಅನುಭವ.

ಸೆಖೆಗೆ ಒಗ್ಗಿಕೊಳ್ಳುವುದು ಇನ್ನೊಂದು. ಹತ್ತರಿಂದ ಹದಿನಾಲ್ಕು ದಿನ ಬಿಸಿಯಲ್ಲಿ ಬೆವರಿ ಅಭ್ಯಾಸ ಮಾಡಿದರೆ ದೇಹವೇ ತಿದ್ದಿಕೊಳ್ಳುತ್ತದೆ. ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಪುಸ್ತಕ ಓದಿದ ಯಾರಿಗಾದರೂ ಇದು ಗೊತ್ತು. ಒಮ್ಮೆ ಬೆಂದು ಬಂದವರು ಮಾತ್ರ ಅದನ್ನು ತಪ್ಪದೆ ಮಾಡುತ್ತಾರೆ.

ಆದರೂ ದಾರಿ ಗೊತ್ತಿದ್ದ ಮಾತ್ರಕ್ಕೆ ಎಲ್ಲ ದಕ್ಕುವುದಿಲ್ಲ. ಗಾಳಿ ಪ್ರತಿ ವರ್ಷ ಹೊಸದು. ಮರಳಿ ಬಂದವರನ್ನು ಹೆಚ್ಚು ಕೆಡಿಸುವುದು ಹೋದ ವರ್ಷದ ಯುದ್ಧವನ್ನೇ ಈ ವರ್ಷವೂ ಹೂಡುವ ಗೀಳು. ಹೋದ ಸಲ ನೀರು ಸಾಲಲಿಲ್ಲ ಎಂದು ಈ ಸಲ ಹೊಟ್ಟೆ ತುಂಬ ನೀರು ಕುಡಿದು ಕೆಡುವವರಿದ್ದಾರೆ.

ದೋಣಿ ಎಳೆದ ಅಪ್ಪ

ಮರಳಿ ಬಂದವರ ಪೈಕಿ ಡಿಕ್ ಹಾಯ್ಟ್ ಹೆಸರು ಬಿಡುವಂತಿಲ್ಲ. ಮಗ ರಿಕ್‌ಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ನಡೆಯಲು, ಮಾತಾಡಲು ಆಗದು. ಅಪ್ಪ ಅವನನ್ನು ಸಣ್ಣ ರಬ್ಬರ್ ದೋಣಿಯಲ್ಲಿ ಮಲಗಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜುತ್ತಿದ್ದ. ಸೈಕಲ್ಲಿನ ಮುಂದೆ ಕೂರಿಸಿಕೊಂಡು ತುಳಿಯುತ್ತಿದ್ದ. ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಓಡುತ್ತಿದ್ದ.

1988ರಲ್ಲಿ ಇಬ್ಬರೂ ಕೋನಾಗೆ ಬಂದರು. ಡಿಕ್‌ಗೆ ನೀರಿನಲ್ಲೇ ಹೊಟ್ಟೆ ಕೆಟ್ಟಿತು, ಈಜಿನ ಗಡುವು ಮೀರಿತು. ಸೈಕಲ್ ಮುಟ್ಟುವ ಮೊದಲೇ ಅವರ ದಿನ ಮುಗಿದುಹೋಯಿತು. 1989ರಲ್ಲಿ ಮತ್ತೆ ಬಂದರು. 14 ಗಂಟೆ 26 ನಿಮಿಷದಲ್ಲಿ ಮುಗಿಸಿದರು, ಗಡುವಿಗೆ ಎರಡೂವರೆ ಗಂಟೆ ಬಾಕಿ ಇರುವಾಗಲೇ. ಒಂದೇ ವರ್ಷದಲ್ಲಿ ಅಪ್ಪನ ಶಕ್ತಿ ಇಮ್ಮಡಿಸಿರಲಿಕ್ಕಿಲ್ಲ. ಎರಡನೇ ಬಾರಿ ಆ ದೇಹ ಈಜನ್ನು ಗಡುವಿನೊಳಗೆ ಮುಗಿಸಿತು, ಮುಂದಿನದು ಮಾಡಲು ಅದಕ್ಕೆ ಅವಕಾಶ ಸಿಕ್ಕಿತು.

ಬೆಂಗಳೂರಿನ ತಂಪು, ಮಿರಾಮಾರ್‌ನ ಧಗೆ

ನಮ್ಮ ಕಡೆ ಟ್ರಯಥ್ಲಾನ್‌ನ ಬೇರು ತೀರ ಹಳೆಯದಲ್ಲ. ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದರು. ಮೂರು ದಿನದಲ್ಲಿ 10 ಕಿಲೋಮೀಟರ್ ಈಜು, 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ. ಹತ್ತಿರದಲ್ಲಿ ಒಂದು ಸ್ಪರ್ಧೆಯೂ ಇಲ್ಲದ ಕಾಲ ಅದು. 2015ರಲ್ಲಿ ನಟ ಮಿಲಿಂದ್ ಸೋಮನ್ ಐವತ್ತರ ಹೊಸ್ತಿಲಲ್ಲಿ ಜ್ಯೂರಿಕ್‌ನ ಐರನ್‌ಮ್ಯಾನ್ ಮುಗಿಸಿದಾಗ ಈ ಪದ ಮನೆಮಾತಾಯಿತು. 2019ರ ಅಕ್ಟೋಬರ್‌ನಲ್ಲಿ ಪಣಜಿಯ ಮಿರಾಮಾರ್ ಕಡಲತಡಿಯಲ್ಲಿ ‘ಐರನ್‌ಮ್ಯಾನ್ 70.3’ ಶುರುವಾದ ಮೇಲಂತೂ ಬೆಂಗಳೂರಿಗರಿಗೆ ಇದು ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ಹತ್ತಿರ. ಆ 70.3 ಎಂಬುದು ಮೈಲಿಗಳ ಮೊತ್ತ, ಪೂರ್ಣ ದೂರದ ಸರಿ ಅರ್ಧ: 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ.

ಬೆಂಗಳೂರಿನ ಹವ್ಯಾಸಿಗೆ ಸೈಕಲ್ ಏರಿಗೆ ನಂದಿ ಬೆಟ್ಟವಿದೆ. ಈಜಿಗಿರುವುದು ಕೊಳ ಮಾತ್ರ. ಕೊಳದ ತಳದಲ್ಲಿ ಎಳೆದ ಕಪ್ಪು ಗೆರೆ ಸಮುದ್ರದಲ್ಲಿ ಇರುವುದಿಲ್ಲ. ಅಲೆ ಇರುತ್ತದೆ, ಮುಖಕ್ಕೆ ತಾಗುವ ಬೇರೆಯವರ ಹಿಮ್ಮಡಿ ಇರುತ್ತದೆ. ಇನ್ನು ಸಮುದ್ರಮಟ್ಟದಿಂದ 900 ಮೀಟರ್ ಮೇಲಿನ ತಂಪು ಮುಂಜಾನೆಯಲ್ಲಿ ವರ್ಷವಿಡೀ ಓಡಿದವರಿಗೆ ಗೋವಾದ ಹಬೆಯಾಡುವ ಸೆಖೆ ದೊಡ್ಡ ಪೆಟ್ಟು ಕೊಡುತ್ತದೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮಂಗಳೂರು, ಉಡುಪಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗೋವಾದ ದಾರಿಗೆ ಮರಳಿದವರಲ್ಲಿ ಬಹಿರಂಗವಾಗಿ ಸುದ್ದಿಯಾದದ್ದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ. 2024ರಲ್ಲಿ ಮೊದಲ ಸಲ ಇಳಿದಾಗ ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿಗೆ. ಗಡುವು ಎಂಟೂವರೆ ಗಂಟೆ. ಮುಗಿಸಿದ್ದಷ್ಟೇ ಸುದ್ದಿಯಾಯಿತು, ಎರಡೂವರೆ ನಿಮಿಷವಷ್ಟೇ ಉಳಿದಿತ್ತೆಂಬುದನ್ನು ಗಮನಿಸಿದವರು ಕಡಿಮೆ. 2025ರಲ್ಲಿ ಅದೇ ದಾರಿಯನ್ನು 7 ಗಂಟೆ 49 ನಿಮಿಷದಲ್ಲಿ ಮುಗಿಸಿದರು, ಅರ್ಧ ಗಂಟೆಗೂ ಹೆಚ್ಚು ಮೊದಲು. ರಾಜಕೀಯ ಒತ್ತಟ್ಟಿಗಿರಲಿ, ಮೊದಲ ಸಲದ ಅಂಕಿ ‘ಮುಗಿದರೆ ಸಾಕು’ ಎಂಬುದನ್ನೂ ಎರಡನೆಯದು ‘ಎಲ್ಲಿ ಸೋರಿತು’ ಎಂಬುದನ್ನೂ ಹೇಳುತ್ತದೆ.

ಅದೇ ದಾರಿ, ಹೆಚ್ಚಿದ ವಯಸ್ಸು

ಎರಡನೇ ಸಲ ಬರುವವರು ಮೂವತ್ತರಲ್ಲಿದ್ದರೆ ಕಾಲ ಅವರ ಪರ. ಒಂದು ವರ್ಷದ ಅಭ್ಯಾಸ ಲಾಭವೇ. ಎಂಬತ್ತು ದಾಟಿದವರಿಗೆ ಲೆಕ್ಕ ತಿರುಗುಮುರುಗು. ದಾರಿ ಅಷ್ಟೇ ಉದ್ದ, ಗಡುವು ಅಷ್ಟೇ, ದೇಹ ಆಮ್ಲಜನಕ ಬಳಸುವ ಶಕ್ತಿ ಮಾತ್ರ ಪ್ರತಿ ವರ್ಷ ಇಳಿಯುತ್ತ ಹೋಗುತ್ತದೆ. ಕೋನಾ ವಯಸ್ಸಾದವರಿಗೆಂದು ಒಂದು ನಿಮಿಷವನ್ನೂ ಹೆಚ್ಚು ಕೊಡುವುದಿಲ್ಲ. ಹೋದ ವರ್ಷ ಹತ್ತು ಸೆಕೆಂಡು ಕಡಿಮೆ ಬಿತ್ತೆಂದರೆ ಈ ವರ್ಷ ಗಳಿಸಬೇಕಾದದ್ದು ಹತ್ತೇ ಸೆಕೆಂಡಲ್ಲ, ವಯಸ್ಸು ಕದ್ದದ್ದನ್ನೂ ಸೇರಿಸಿ.

ಇನಾದಾ ಹುಟ್ಟು ಕ್ರೀಡಾಪಟುವಲ್ಲ. ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆಯಲ್ಲಿ ವರದಿಗಾರರಾಗಿದ್ದರು. ಕಾಯಿಲೆ ಬಿದ್ದ ಹೆಂಡತಿಯನ್ನು ನೋಡಿಕೊಳ್ಳಲು ಅರವತ್ತರಲ್ಲಿ ಕೆಲಸ ಬಿಟ್ಟರು. ಈಜು ಶುರುವಾದದ್ದೂ ಆಗಲೇ. ಮೊದಲ ಟ್ರಯಥ್ಲಾನ್ ಎಪ್ಪತ್ತರಲ್ಲಿ. ಪೂರ್ಣ ದೂರ ಅದಕ್ಕೂ ಮೇಲೆ, ಬೇರೆಯವರು ಮೊಮ್ಮಕ್ಕಳ ಸೈಕಲ್ ಹಿಡಿದುಕೊಂಡು ಹಿಂದೆ ಓಡುವ ವಯಸ್ಸಿನಲ್ಲಿ.

2016ರಲ್ಲಿ, 83ನೇ ವಯಸ್ಸಿನಲ್ಲಿ, ಅವರು ಕೋನಾ ದಾರಿಯನ್ನು ಗಡುವಿನೊಳಗೆ ಮುಗಿಸಿದರು. 2012ರಲ್ಲಿ 82ರ ಅಮೆರಿಕನ್ ಲೂ ಹಾಲಂಡರ್ ಬರೆದಿದ್ದ, ಕೋನಾ ಮುಗಿಸಿದ ಅತಿ ಹಿರಿಯ ವ್ಯಕ್ತಿಯೆಂಬ ದಾಖಲೆ ಅಲ್ಲಿಗೆ ಹಳತಾಯಿತು. ಬಾಕಿ ತೀರಿತಲ್ಲ, ಇನ್ನು ಮನೆಗೆ ಹೋಗಬಹುದಿತ್ತು.

ಹೋಗಲಿಲ್ಲ. 2018ರ ಅಕ್ಟೋಬರ್ 13ರಂದು ಮತ್ತೆ ಕೈಲುವಾ ಕೊಲ್ಲಿಗೆ ಇಳಿದರು. ಅಂದು ಗಾಳಿ ಸಾಧು ಹಸುವಿನಂತಿತ್ತು. ಮುಂದೆ ಜರ್ಮನಿಯ ಪ್ಯಾಟ್ರಿಕ್ ಲಾಂಗೆ 7 ಗಂಟೆ 52 ನಿಮಿಷ 39 ಸೆಕೆಂಡಿಗೆ ಗೆದ್ದು, ಕೋನಾದಲ್ಲಿ ಎಂಟು ಗಂಟೆಯ ಒಳಗೆ ಬಂದ ಮೊದಲಿಗನಾದ. ಲಾಂಗೆ ಗೆರೆ ದಾಟಿದ ಹೊತ್ತಿಗೆ ಇನಾದಾ ಅವರ ದಿನ ಅರ್ಧವೂ ಕಳೆದಿರಲಿಲ್ಲ. ಬಿಸಿಲಿಳಿಯಿತು, ಕತ್ತಲಾಯಿತು. ಲಾವಾ ಬಯಲಿನ ಹೆದ್ದಾರಿಯಲ್ಲಿ ಓಟಗಾರರ ಮೈಮೇಲಿನ ಹೊಳೆಯುವ ಪಟ್ಟಿಗಳಷ್ಟೇ ಕಾಣುವ ಹೊತ್ತದು.

ಆ ರಾತ್ರಿ ಗಡಿಯಾರ 16 ಗಂಟೆ 53 ನಿಮಿಷ 49 ಸೆಕೆಂಡು ತೋರಿಸುವಾಗ ಅವರು ಒಳಬಂದರು. ವಯಸ್ಸು 85 ವರ್ಷ 328 ದಿನ ಎಂದು ಗಿನ್ನೆಸ್ ದಾಖಲೆ ಬರೆದುಕೊಂಡಿತು. ಮೂರು ವರ್ಷದ ಹಿಂದೆ ಅದೇ ಕಮಾನಿನ ಕೆಳಗೆ ಹತ್ತು ಸೆಕೆಂಡಿಗೂ ಗತಿಯಿಲ್ಲದ ಮನುಷ್ಯನ ಕೈಯಲ್ಲಿ ಈ ಬಾರಿ 371 ಸೆಕೆಂಡು ಮಿಕ್ಕಿತ್ತು.

ಆ ದಾರಿ ಇನ್ನೂ ಜನರನ್ನು ಕರೆಯುತ್ತಲೇ ಇದೆ. 2025ರ ಅಕ್ಟೋಬರ್‌ನಲ್ಲಿ, 59ನೇ ವಯಸ್ಸಿನಲ್ಲಿ ಈಜು ಕಲಿತ ಅಮೆರಿಕದ ನಟಾಲಿ ಗ್ರಾಬೌ 80ನೇ ವಯಸ್ಸಿನಲ್ಲಿ ಕೋನಾ ಮುಗಿಸಿದ ಅತಿ ಹಿರಿಯ ಮಹಿಳೆಯಾದರು. 16 ಗಂಟೆ 45 ನಿಮಿಷ 26 ಸೆಕೆಂಡು. ಗೆರೆಯ ಹತ್ತಿರ ಬಂದು ಆಕೆಯೂ ಎಡವಿ ಬಿದ್ದರು. ಎದ್ದು ನಿಲ್ಲುವುದಕ್ಕೆ ಆಕೆಯ ಬಳಿ ಹದಿನಾಲ್ಕು ನಿಮಿಷವಿತ್ತು.